ಜೀಪ್ ಚೆರೋಕಿ, ಕೊಮಾಂಚಿ: ಆಟೊಮ್ಯಾಟಿಕ್ ತೆಗೆದು ಐದು ಗೇರಿನ ಮ್ಯಾನುಯಲ್ ಹಾಕುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಬರೆದಿರುವುದೆಲ್ಲ 4.0 ಲೀಟರಿನ ಆರು ಸಿಲಿಂಡರ್ ಇಂಜಿನ್ ಇರುವ ಫೋರ್ ವೀಲ್ ಡ್ರೈವ್ ಜೀಪ್ ಚೆರೋಕಿಗೆ ಮತ್ತು ಅದರ ಪಿಕಪ್ ರೂಪವಾದ ಕೊಮಾಂಚಿಗೆ ಸೇರಿದ್ದು. ಎರಡೂ ಅಮೆರಿಕದ ಓಹಾಯೊ ರಾಜ್ಯದ ಟೊಲೀಡೊದಲ್ಲಿ ತಯಾರಾದವು. ಇಂಜಿನ್, ಗೇರ್‌ಬಾಕ್ಸ್, ಪೆಡಲ್ ವಿಚಾರದಲ್ಲಿ ಅಣ್ಣತಮ್ಮಂದಿರು. 4.0 ಇಂಜಿನ್ ಬಂದದ್ದು 1987ರಲ್ಲಿ. ಕೊಮಾಂಚಿ 1992ಕ್ಕೆ ನಿಂತಿತು, ಚೆರೋಕಿ 2001ರವರೆಗೆ ನಡೆಯಿತು. 2.5 ಅಥವಾ 2.8 ಇಂಜಿನ್ ಇದ್ದವರಿಗೆ ಇಲ್ಲಿನ ಅಳತೆಗಳು ಹೊಂದುವುದಿಲ್ಲ.

ನನ್ನ ಆಟೊಮ್ಯಾಟಿಕ್ ಕೆಟ್ಟಿದೆ. ರಿಪೇರಿ ಬದಲು ಮ್ಯಾನುಯಲ್ ಹಾಕಿಬಿಡಲೇ?

ಕೆಟ್ಟಿದೆ ಅನ್ನುವ ಒಂದೇ ಕಾರಣಕ್ಕಾದರೆ ಬೇಡ. ಈ ಗಾಡಿಗಳಲ್ಲಿರುವ ಎಡಬ್ಲ್ಯೂ 4 ಆಟೊಮ್ಯಾಟಿಕ್ ಗಟ್ಟಿ ಸಾಮಾನು. ಐಸಿನ್ ವಾರ್ನರ್ ತಯಾರಿಸಿದ್ದು, ಟೊಯೊಟಾ ಪಿಕಪ್‌ಗಳಲ್ಲಿ ಬಂದ ಎ340ರ ಬಳಗದ್ದು. ಗುಜರಿ ಯಾರ್ಡಿನಿಂದ ಅದೇ ವರ್ಷದ ಇನ್ನೊಂದನ್ನು ತಂದು ಕೂರಿಸುವುದು ಒಂದು ದಿನದ ಕೆಲಸ. ಮ್ಯಾನುಯಲ್‌ಗೆ ಬದಲಾಯಿಸುವುದು ಇಬ್ಬರು ಸೇರಿದರೂ ಎರಡು ವಾರಾಂತ್ಯ ತಿನ್ನುತ್ತದೆ. ಸಾಮಾನು ಹುಡುಕುವ ದಿನಗಳು ಬೇರೆ.

ಗೇರ್ ನಮ್ಮ ಕೈಯಲ್ಲೇ ಇರಬೇಕು, ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ತುಳಿಯದೆ ಇಂಜಿನ್ ಹಿಡಿತದಲ್ಲೇ ಇಳಿಯಬೇಕು ಅನ್ನುವವರಿಗೆ ಮಾತ್ರ ಇದು ಲಾಭದ ಕೆಲಸ.

ಇಳಿಜಾರಿನ ಹಿಡಿತ ನಿಜಕ್ಕೂ ಎಷ್ಟು ಹೆಚ್ಚುತ್ತದೆ?

ಎಡಬ್ಲ್ಯೂ 4ರ ಮೊದಲ ಗೇರ್ 2.80. ನಾವು ಹಾಕಲಿರುವ ಐದು ಗೇರಿನ ಮ್ಯಾನುಯಲ್ ಎಎಕ್ಸ್ 15ರ ಮೊದಲ ಗೇರ್ 3.83. ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸಿನ ಹಿಂದೆ ಕೂತು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಲೋ 2.72. ಆಟೊಮ್ಯಾಟಿಕ್ ಗಾಡಿಗಳ ಆಕ್ಸಲ್ ಸಾಮಾನ್ಯವಾಗಿ 3.55. ಮೂರನ್ನೂ ಗುಣಿಸಿದರೆ ಆಟೊಮ್ಯಾಟಿಕ್‌ನಲ್ಲಿ 27, ಎಎಕ್ಸ್ 15ರಲ್ಲಿ 37. ಚಕ್ರ ಒಂದು ಸುತ್ತು ತಿರುಗಲು ಇಂಜಿನ್ 37 ಸುತ್ತು ತಿರುಗಬೇಕು. ಇಳಿಯುವಾಗ ಈ ವ್ಯತ್ಯಾಸ ಪಾದಕ್ಕೇ ಗೊತ್ತಾಗುತ್ತದೆ.

ಹತ್ತುವಾಗ ಲೆಕ್ಕ ಬೇರೆ. ಆಟೊಮ್ಯಾಟಿಕ್‌ನ ಟಾರ್ಕ್ ಕನ್ವರ್ಟರ್ ನಿಂತಲ್ಲಿಂದ ಹೊರಡುವಾಗ ತಾನೇ ಟಾರ್ಕನ್ನು ಹೆಚ್ಚಿಸಿ ಕೊಡುತ್ತದೆ. ಬಂಡೆ ಹತ್ತಲು ಆಟೊಮ್ಯಾಟಿಕ್ಕೇ ವಾಸಿ ಎನ್ನುವವರ ಮಾತಿನಲ್ಲಿ ಹುರುಳಿದೆ. 37 ದೊಡ್ಡದು, 27 ಚಿಕ್ಕದು ಎಂದು ಅಲ್ಲಿಗೇ ತೀರ್ಪು ಕೊಡಬೇಡಿ.

ಯಾವ ಗೇರ್‌ಬಾಕ್ಸ್ ಹುಡುಕಬೇಕು?

4.0 ಇಂಜಿನ್ ಹಿಂದೆ ಕಂಪನಿಯೇ ಹಾಕಿದ್ದು ಮೂರು. 1987ರಿಂದ 1989ರ ನಡುವಿನವರೆಗೆ ಪೂಜೊ ಕಂಪನಿಯ ಬಿಎ 10/5, ಅಲ್ಲಿಂದ 1999ರವರೆಗೆ ಐಸಿನ್‌ನ ಎಎಕ್ಸ್ 15, ಕೊನೆಯ ಎರಡು ವರ್ಷ ಎನ್‌ವಿ 3550.

ಬಿಎ 10/5ನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಈ ಇಂಜಿನ್ನಿನ ಟಾರ್ಕಿಗೆ ಅದು ತಾಳುವುದಿಲ್ಲ, ಬಿಡಿ ಭಾಗಗಳೂ ಸಿಗುವುದಿಲ್ಲ. ನಾಲ್ಕು ಸಿಲಿಂಡರ್ ಗಾಡಿಗಳ ಎಎಕ್ಸ್ 5 ಹೆಸರಿನಲ್ಲಿ ತಮ್ಮನಂತೆ ಕಂಡರೂ ಶಕ್ತಿಯಲ್ಲಿ ಬಹಳ ಹಿಂದೆ, 4.0ಗೆ ಕಟ್ಟಿದರೆ ಹಲ್ಲು ಉದುರುತ್ತದೆ. ಯಾರ್ಡಿನಲ್ಲಿ ಅನುಮಾನ ಬಂದರೆ ಗೇರ್‌ಬಾಕ್ಸ್ ನೋಡುವ ಮೊದಲು ಆ ಗಾಡಿಯ ಇಂಜಿನ್ ನೋಡಿ. ಆರು ಸಿಲಿಂಡರ್ ಇಲ್ಲದಿದ್ದರೆ ಮುಂದೆ ನಡೆಯಿರಿ.

ನಮ್ಮ ಶಿಫಾರಸು 1994ರಿಂದ 1999ರ ನಡುವಿನ ಎಎಕ್ಸ್ 15. ಕಾರಣ ಸ್ಲೇವ್ ಸಿಲಿಂಡರ್, ಅಂದರೆ ಪೆಡಲ್ ತುಳಿದಾಗ ಎಣ್ಣೆಯ ಒತ್ತಡದಿಂದ ಕ್ಲಚ್ ಬಿಡಿಸುವ ಸಣ್ಣ ಸಿಲಿಂಡರ್. 1993ರವರೆಗಿನ ಗೇರ್‌ಬಾಕ್ಸ್‌ಗಳಲ್ಲಿ ಅದು ಬೆಲ್ ಹೌಸಿಂಗ್ (ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಕವಚ) ಒಳಗೆ ಶಾಫ್ಟಿನ ಸುತ್ತ ಕೂತಿರುತ್ತದೆ. ಸೋರಲು ಶುರುವಾದರೆ, ಆ ಸಣ್ಣ ಸಿಲಿಂಡರ್ ಬದಲಾಯಿಸಲು ಇಡೀ ಗೇರ್‌ಬಾಕ್ಸ್ ಮತ್ತೆ ಇಳಿಸಬೇಕು. 1994ರಿಂದ ಅದು ಹೊರಗಿದೆ, ಎರಡು ನಟ್ ಬಿಚ್ಚಿದರೆ ಕೈಗೆ ಬರುತ್ತದೆ.

ಹಳೆಯ ಎಎಕ್ಸ್ 15 ಈಗಾಗಲೇ ಮನೆಗೆ ಬಂದಿದ್ದರೆ ಎಸೆಯಬೇಕಿಲ್ಲ. 1994ರ ನಂತರದ ಬೆಲ್ ಹೌಸಿಂಗ್, ಕ್ಲಚ್ ಫೋರ್ಕ್, ಫೋರ್ಕ್ ಕೂರುವ ಪಿವಟ್, ರಿಲೀಸ್ ಬೇರಿಂಗ್, ಮುಂದಿನ ಬೇರಿಂಗ್ ರಿಟೇನರ್ ಇಷ್ಟನ್ನೂ ಒಟ್ಟಿಗೆ ತಂದು ಬದಲಾಯಿಸಿ. ರಿಟೇನರ್ ಮರೆಯುವವರೇ ಹೆಚ್ಚು. ಹೊಸ ರಿಲೀಸ್ ಬೇರಿಂಗ್ ಜಾರಬೇಕಾದ ಕೊಳವೆ ಇರುವುದೇ ಅದರಲ್ಲಿ.

ರ‍್ಯಾಂಗ್ಲರ್ 4.0ರಿಂದ ಬಿಚ್ಚಿದ ಎಎಕ್ಸ್ 15 ಕೂಡ ನಡೆಯುತ್ತದೆ, ಆದರೆ ಪೆಡಲ್, ಕ್ರಾಸ್ ಮೆಂಬರ್ (ಗೇರ್‌ಬಾಕ್ಸನ್ನು ಕೆಳಗಿನಿಂದ ಹೊರುವ ಅಡ್ಡಪಟ್ಟಿ) ಅಲ್ಲಿಂದ ಹೊಂದುವುದಿಲ್ಲ. ಡಾಡ್ಜ್ ಡಕೋಟಾದ್ದು ಹೆಸರಿಗೆ ಎಎಕ್ಸ್ 15 ಆದರೂ ಅದಕ್ಕೆ ಕೈ ಹಾಕಬೇಡಿ.

ಗೇರ್‌ಬಾಕ್ಸ್ ಜೊತೆಗೆ ಇನ್ನೇನೇನು ತರಬೇಕು?

ಸೋಲುವವರು ಸೋಲುವುದು ಇಲ್ಲೇ. ಗೇರ್‌ಬಾಕ್ಸ್ ಸಿಗುವುದು ಸುಲಭ. ಹದಿನೈದು ಡಾಲರಿನ ತಗಡೊಂದು ಸಿಗದೆ ಗಾಡಿ ತಿಂಗಳುಗಟ್ಟಲೆ ಸ್ಟ್ಯಾಂಡ್ ಮೇಲೆ ನಿಲ್ಲುತ್ತದೆ. ಆದಷ್ಟು ಎಲ್ಲವನ್ನೂ ಒಂದೇ ಗಾಡಿಯಿಂದ ಬಿಚ್ಚಿಕೊಳ್ಳಿ:

- ಬೆಲ್ ಹೌಸಿಂಗ್, ಅದರ ಎಲ್ಲ ಬೋಲ್ಟ್‌ಗಳ ಸಮೇತ
- ಇಂಜಿನ್ ಮತ್ತು ಬೆಲ್ ಹೌಸಿಂಗ್ ನಡುವೆ ಬರುವ ತೆಳು ತಗಡು, ಆಟೊಮ್ಯಾಟಿಕ್‌ನದು ಆಗದು
- ಫ್ಲೈವೀಲ್, ಅಂದರೆ ಇಂಜಿನ್ನಿನ ಕ್ರ್ಯಾಂಕ್ ತುದಿಗೆ ಕಟ್ಟುವ ಭಾರದ ಚಕ್ರ (ವರ್ಷದ ವಿಚಾರ ಕೆಳಗಿದೆ)
- ಕ್ಲಚ್ ಮತ್ತು ಬ್ರೇಕ್ ಎರಡೂ ಪೆಡಲ್ ಇರುವ ಇಡೀ ಬ್ರಾಕೆಟ್
- ಕ್ಲಚ್ ಮಾಸ್ಟರ್ ಸಿಲಿಂಡರ್, ಪೈಪ್, ಸ್ಲೇವ್
- ಕ್ರಾಸ್ ಮೆಂಬರ್, ಗೇರ್‌ಬಾಕ್ಸ್ ಮೌಂಟ್
- ಟ್ರಾನ್ಸ್‌ಫರ್ ಕೇಸ್, ಅದರ ಲಿವರ್ ಮತ್ತು ಲಿಂಕೇಜ್
- ಮುಂದಿನ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್
- ಗೇರ್ ಲಿವರ್, ಒಳಗಿನ ಮತ್ತು ಹೊರಗಿನ ರಬ್ಬರ್ ಬೂಟ್, ನೆಲದ ಮೇಲೆ ಬರುವ ರಿಂಗ್
- ರಿವರ್ಸ್ ಲೈಟ್ ಸ್ವಿಚ್ಚಿನ ಕನೆಕ್ಟರ್, ಒಂದಡಿ ವೈರ್ ಬಿಟ್ಟು ಕತ್ತರಿಸಿದ್ದು

ಹೊಸದಾಗಿಯೇ ಕೊಳ್ಳಬೇಕಾದವು: ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ (ಕ್ರ್ಯಾಂಕಿನ ತೂತಿನಲ್ಲಿ ಕೂತು ಗೇರ್‌ಬಾಕ್ಸ್ ಶಾಫ್ಟಿನ ತುದಿ ಹಿಡಿಯುವುದು), ಫ್ಲೈವೀಲ್ ಬೋಲ್ಟ್‌ಗಳು. ಪೈಲಟ್ ಬೇರಿಂಗ್ ಕೊಳ್ಳುವ ಮೊದಲು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ತುದಿಯನ್ನು ವರ್ನಿಯರ್ ಹಿಡಿದು ಅಳೆಯಿರಿ. ಎಎಕ್ಸ್ 15ರಲ್ಲೇ ತುದಿಯ ದಪ್ಪ ವರ್ಷದಿಂದ ವರ್ಷಕ್ಕೆ ಬದಲಾಗಿದೆ.

ಫ್ಲೈವೀಲ್ ಯಾವ ವರ್ಷದ್ದಾದರೂ ಆಗುತ್ತದೆಯೇ?

ಆಗುವುದಿಲ್ಲ. ಹೊಸ ಕ್ಲಚ್, ಹೊಸ ಗೇರ್‌ಬಾಕ್ಸ್ ಎಲ್ಲ ಕೂರಿಸಿ ಕೀ ತಿರುಗಿಸಿದರೆ ಸ್ಟಾರ್ಟರ್ ಗಿರಗಿರ ತಿರುಗುತ್ತದೆ, ಇಂಜಿನ್ ಮಾತ್ರ ಹತ್ತುವುದಿಲ್ಲ ಎಂದು ಬರುವ ದೂರುಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ಫ್ಲೈವೀಲನ್ನೇ.

ಕ್ರ್ಯಾಂಕ್ ಪೊಸಿಷನ್ ಸೆನ್ಸರ್ ಬೆಲ್ ಹೌಸಿಂಗಿನ ಮೇಲ್ಭಾಗದಲ್ಲಿ, ಚಾಲಕನ ಕಡೆಗೆ ಕೂತು, ಫ್ಲೈವೀಲಿನ ಅಂಚಿನಲ್ಲಿರುವ ಕಚ್ಚುಗಳನ್ನು ಎಣಿಸುತ್ತದೆ. 1987ರಿಂದ 1990ರವರೆಗಿನ ರೆನಿಕ್ಸ್ (ಆಗಿನ ಇಂಜಿನ್ ಕಂಪ್ಯೂಟರ್ ವ್ಯವಸ್ಥೆಯ ಹೆಸರು) ಗಾಡಿಗಳಲ್ಲಿ ಈ ಕಚ್ಚುಗಳು ಸುತ್ತಲೂ ಒತ್ತೊತ್ತಾಗಿ ಇದ್ದು ಮೂರು ಕಡೆ ಮಾತ್ರ ಖಾಲಿ ಬಿಟ್ಟಿರುತ್ತದೆ. 1991ರಿಂದ ನಾಲ್ಕು ನಾಲ್ಕರ ಮೂರು ಗುಂಪು, ಒಟ್ಟು 12. ಒಂದರ ಕಂಪ್ಯೂಟರಿಗೆ ಇನ್ನೊಂದರ ಭಾಷೆ ಅರ್ಥವಾಗುವುದಿಲ್ಲ, ಸ್ಪಾರ್ಕ್ ಬರುವುದಿಲ್ಲ. ಗೇರ್‌ಬಾಕ್ಸ್ 1997ರದ್ದಿರಲಿ, 1989ರ ಕೊಮಾಂಚಿಗೆ ಹಾಕುವುದಾದರೆ ಫ್ಲೈವೀಲ್ ಮಾತ್ರ 1990ಕ್ಕಿಂತ ಈಚಿನದಾಗಬಾರದು. ಬೆಲ್ ಹೌಸಿಂಗಿನಲ್ಲಿ ಸೆನ್ಸರಿಗೆ ಕಿಂಡಿ ಇದೆಯೇ ಎಂದೂ ನೋಡಿಕೊಳ್ಳಿ. ಕಾರ್ಬ್ಯುರೇಟರ್ ಇಂಜಿನ್ ಗಾಡಿಯಿಂದ ಬಂದ ಹೌಸಿಂಗಿನಲ್ಲಿ ಅದು ಇರುವುದಿಲ್ಲ.

ನನ್ನ ಈಗಿನ ಟ್ರಾನ್ಸ್‌ಫರ್ ಕೇಸನ್ನೇ ಉಳಿಸಿಕೊಳ್ಳಬಹುದೇ?

ಮೊದಲು ಬೆರಳಿನಿಂದ ಸ್ಪ್ಲೈನ್, ಅಂದರೆ ಶಾಫ್ಟಿನ ಮೈಮೇಲಿನ ಉದ್ದುದ್ದ ಹಲ್ಲುಗಳನ್ನು ಎಣಿಸಿ. 1990ರವರೆಗಿನ ಎಡಬ್ಲ್ಯೂ 4ರ ಹಿಂದಿನ ಶಾಫ್ಟಿನಲ್ಲಿ 21 ಸ್ಪ್ಲೈನ್, 1991ರ ಆಸುಪಾಸಿನಿಂದ 23. ಎಎಕ್ಸ್ 15ರಲ್ಲಿ ಯಾವಾಗಲೂ 23. ಅಂದರೆ 1990 ಅಥವಾ ಅದಕ್ಕಿಂತ ಹಳೆಯ ಗಾಡಿಯ ಕೇಸ್ ಹೊಸ ಗೇರ್‌ಬಾಕ್ಸಿನೊಳಗೆ ಹೋಗುವುದೇ ಇಲ್ಲ. 1991 ಎಂದು ಕಾಗದದಲ್ಲಿದ್ದರೂ ಎಣಿಸದೆ ನಂಬಬೇಡಿ.

ಸ್ಪ್ಲೈನ್ ಸರಿಯಿದ್ದ ಮಾತ್ರಕ್ಕೆ ಮುಗಿಯಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಇನ್‌ಪುಟ್ ಗೇರು ಉದ್ದದಲ್ಲೂ ಬೇರೆ ಬೇರೆ. ಉದ್ದ ಹೆಚ್ಚಿದ್ದರೆ ಕೇಸ್ ಪೂರ್ತಿ ಕೂರದೆ ಅಂಚಿನಲ್ಲಿ ಸಂದು ಉಳಿಯುತ್ತದೆ. ಆಗ ನಟ್ ಬಿಗಿದು ಎಳೆದರೆ ಕೇಸಿನ ಕಿವಿ ಬಿರುಕು ಬಿಡುತ್ತದೆ. ಎಎಕ್ಸ್ 15 ಜೊತೆಗೆ ಬಂದ ಎನ್‌ಪಿ 231 ಕೇಸನ್ನೇ ಹಾಕುವುದು ತಲೆನೋವಿಲ್ಲದ ದಾರಿ. ಸದಾ ಫೋರ್ ವೀಲ್‌ನಲ್ಲಿ ಓಡಿಸಬಲ್ಲ ಎನ್‌ಪಿ 242 ಬಿಡಲು ಮನಸ್ಸಿಲ್ಲದವರು ಅದರ ಇನ್‌ಪುಟ್ ಗೇರ್ ಬದಲಾಯಿಸಬೇಕು. ಕೇಸ್ ಪೂರ್ತಿ ಬಿಚ್ಚುವ ಕೆಲಸ ಅದು.

1991ರವರೆಗಿನ ಗಾಡಿಗಳ ಮುಂದಿನ ಆಕ್ಸಲ್ ವ್ಯಾಕ್ಯೂಮ್‌ನಿಂದ ಕೂಡಿ ಬಿಡುವಂಥದ್ದು. ಅದಕ್ಕೆ ಅಪ್ಪಣೆ ಕೊಡುವ ಸ್ವಿಚ್ ಟ್ರಾನ್ಸ್‌ಫರ್ ಕೇಸಿನ ಮೇಲಿದೆ. ಈಚಿನ ಕೇಸ್ ತಂದರೆ ಹಳೆಯ ಸ್ವಿಚ್ ಬಿಚ್ಚಿ ಇದಕ್ಕೆ ಹಾಕಲು ಆಗುತ್ತದೆಯೇ ನೋಡಿಕೊಂಡ ಮೇಲೆಯೇ ಹಳೆಯದನ್ನು ಮಾರಿ. ಇಲ್ಲವಾದರೆ ಲಿವರ್ 4ಕ್ಕೆ ಬರುತ್ತದೆ, ಎಳೆಯುವುದು ಎರಡೇ ಚಕ್ರ.

ಸ್ಪೀಡೋಮೀಟರ್ ಗೇರು ಆಕ್ಸಲ್ ಮತ್ತು ಟಯರಿಗೆ ತಕ್ಕದ್ದು. ಹಳೆಯ ಕೇಸಿನದನ್ನೇ ಹೊಸ ಕೇಸಿಗೆ ಹಾಕಿ.

ಆಟೊಮ್ಯಾಟಿಕ್ ಇಳಿಸುವಾಗ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ?

ಬೆಲ್ ಹೌಸಿಂಗಿನ ಮೇಲಿನ ಎರಡು ಬೋಲ್ಟ್. ಗಡಿಯಾರದಲ್ಲಿ 11 ಮತ್ತು 1 ಇರುವ ಜಾಗ. ತಲೆ ಷಡ್ಭುಜವಲ್ಲ, ನಕ್ಷತ್ರದಂತೆ ಹೊರಮೈಯಲ್ಲಿ ಹಲ್ಲಿರುವ ಟಾರ್ಕ್ಸ್. ಇ12 ಸಾಕೆಟ್ ಬೇಕೇ ಬೇಕು. 12 ಪಾಯಿಂಟಿನ ಸಾಮಾನ್ಯ ಸಾಕೆಟ್ ಬಡಿದು ಕೂರಿಸಿದವರು ತಲೆ ಉರುಟು ಮಾಡಿಕೊಂಡು ಆಮೇಲೆ ಹಣೆ ಬಡಿದುಕೊಳ್ಳುತ್ತಾರೆ.

ದಾರಿ ಹೀಗಿದೆ. ಪ್ರೊಪೆಲ್ಲರ್ ಶಾಫ್ಟ್, ಟ್ರಾನ್ಸ್‌ಫರ್ ಕೇಸ್ ಬಿಚ್ಚಿದ ಮೇಲೆ ಗೇರ್‌ಬಾಕ್ಸಿಗೆ ಜಾಕ್ ಕೊಟ್ಟು ಕ್ರಾಸ್ ಮೆಂಬರ್ ತೆಗೆಯಿರಿ. ಜಾಕನ್ನು ನಿಧಾನ ಇಳಿಸಿದರೆ ಇಂಜಿನ್ ಮುಂದಿನ ಮೌಂಟುಗಳ ಮೇಲೆ ಹಿಂದಕ್ಕೆ ವಾಲುತ್ತದೆ, ನೆಲಕ್ಕೂ ಬೆಲ್ ಹೌಸಿಂಗಿಗೂ ನಡುವೆ ಸಂದು ಬಿಡುತ್ತದೆ. ಹಿಂದಿನಿಂದ, ಗೇರ್‌ಬಾಕ್ಸಿನ ಬೆನ್ನ ಮೇಲೆ ಎರಡು ಮೂರಡಿ ಎಕ್ಸ್‌ಟೆನ್ಷನ್ ಜೋಡಿಸಿ, ಸಾಕೆಟ್ ಬಳಿ ಯೂನಿವರ್ಸಲ್ ಜಾಯಿಂಟ್ ಇಟ್ಟು ಬಿಚ್ಚಬೇಕು. ಒಬ್ಬರು ಮುಂದೆ ಕೈ ತೂರಿಸಿ ಸಾಕೆಟನ್ನು ತಲೆಯ ಮೇಲೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಹಿಂದೆ ತಿರುಗಿಸಲಿ. ಇಂಜಿನ್ ವಾಲುವಾಗ ಫ್ಯಾನ್ ರೇಡಿಯೇಟರಿನ ಕವಚಕ್ಕೆ ತಾಗುತ್ತದೆಯೇ, ರೇಡಿಯೇಟರ್ ಹೋಸ್ ಎಳೆದುಕೊಳ್ಳುತ್ತದೆಯೇ ನೋಡುತ್ತಿರಿ. ಮತ್ತೆ ಜೋಡಿಸುವಾಗ ಈ ಎರಡರ ಬದಲು ಅದೇ ಅಳತೆಯ, ಅದೇ ಗಡಸಿನ ಸಾಮಾನ್ಯ ತಲೆಯ ಬೋಲ್ಟ್ ಹಾಕಿ.

ಇದಕ್ಕೂ ಮೊದಲು ಕ್ರ್ಯಾಂಕ್ ಸೆನ್ಸರ್ ಬಿಚ್ಚಿ ಮೇಲೆ ಕಟ್ಟಿಡಿ. ಮರೆತು ಗೇರ್‌ಬಾಕ್ಸ್ ಎಳೆದರೆ ಸೆನ್ಸರ್ ಒಡೆಯುತ್ತದೆ. ಅದರ ಬೋಲ್ಟ್ ಮತ್ತೆ ಹಾಕುವಾಗ ಕೈ ತಪ್ಪಿದರೆ ಬೀಳುವುದು ನೇರ ಬೆಲ್ ಹೌಸಿಂಗ್ ಒಳಕ್ಕೆ. ಸಾಕೆಟಿನೊಳಗೆ ಒಂದು ತುಂಡು ಟೇಪ್ ಅಂಟಿಸಿ ಬೋಲ್ಟನ್ನು ಬಿಗಿಯಾಗಿ ಕೂರಿಸಿಕೊಂಡರೆ ಆ ಭಯವಿಲ್ಲ.

ಕನ್ವರ್ಟರಿನ ನಾಲ್ಕು ಬೋಲ್ಟನ್ನು ಕೆಳಗಿನ ಮುಚ್ಚಳದ ಕಿಂಡಿಯಿಂದ ಒಂದೊಂದಾಗಿ ಬಿಚ್ಚಿ. ಇಂಜಿನ್ ತಿರುಗಿಸಲು ಮುಂದೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಕೊಡಿ. ಕನ್ವರ್ಟರ್ ಗೇರ್‌ಬಾಕ್ಸಿನ ಜೊತೆಗೇ ಇಳಿಯಬೇಕು.

ಗೇರ್‌ಬಾಕ್ಸ್ ಇಳಿದಿದೆ. ಇಂಜಿನ್ನಿನ ಹಿಂದಿನ ಆಯಿಲ್ ಸೀಲ್ ಕೂಡ ಬದಲಾಯಿಸಿಬಿಡಲೇ?

ಬೇರೆ ಇಂಜಿನ್‌ಗಳಲ್ಲಿ ಒಳ್ಳೆಯ ಯೋಚನೆ. 4.0ರಲ್ಲಿ ಈ ಸೀಲ್ ಎರಡು ತುಂಡಿನದು, ಹಿಂದಿನಿಂದ ಬರುವುದಿಲ್ಲ. ಆಯಿಲ್ ಪ್ಯಾನ್ ಇಳಿಸಿ, ಹಿಂದಿನ ಮೇನ್ ಬೇರಿಂಗ್ ಕ್ಯಾಪ್ ಬಿಚ್ಚಿ ಹಾಕಬೇಕು. ಗೇರ್‌ಬಾಕ್ಸ್ ಇಳಿಸಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿ ಕಾಣುವ ಎಣ್ಣೆ ಎಷ್ಟೋ ಸಲ ಮೇಲಿನ ವಾಲ್ವ್ ಕವರಿನಿಂದಲೋ ಆಯಿಲ್ ಫಿಲ್ಟರ್ ಅಡಾಪ್ಟರಿನಿಂದಲೋ ಇಳಿದು ಬಂದದ್ದು. ಮೊದಲು ಮೇಲೆ ನೋಡಿ.

ಫ್ಲೈವೀಲ್, ಕ್ಲಚ್ ಕೂರಿಸುವ ಕ್ರಮ, ಬಿಗಿತ?

ಪೈಲಟ್ ಬೇರಿಂಗ್ ಮೊದಲು. ಆಟೊಮ್ಯಾಟಿಕ್ ಗಾಡಿಯ ಕ್ರ್ಯಾಂಕಿನ ತೂತಿನಲ್ಲಿ ವರ್ಷಗಳ ತುಕ್ಕು ಇರುತ್ತದೆ. ಸಣ್ಣ ಎಮೆರಿ ಕಾಗದದಿಂದ ಉಜ್ಜಿ, ಒರೆಸಿ, ಬೇರಿಂಗಿನ ಹೊರ ಅಂಚಿಗಷ್ಟೇ ತಾಗುವ ಸಾಕೆಟ್ ಇಟ್ಟು ನೇರವಾಗಿ ಬಡಿಯಿರಿ. ಓರೆಯಾಗಿ ಹೋದ ಬೇರಿಂಗನ್ನು ಅಲ್ಲೇ ಸರಿಮಾಡಲು ಹೋಗಬೇಡಿ, ಹೊಸದು ತನ್ನಿ.

ಫ್ಲೈವೀಲನ್ನು ಮೊದಲೇ ಮಷೀನ್ ಶಾಪಿನಲ್ಲಿ ಮೈ ಸವರಿಸಿ ತನ್ನಿ. ಕ್ರ್ಯಾಂಕಿಗೆ ಇಟ್ಟು ಆರು ತೂತೂ ಸಲೀಸಾಗಿ ಹೊಂದುವವರೆಗೆ ತಿರುಗಿಸಿ ನೋಡಿ. ಹೊಂದದಿದ್ದರೆ ಜಬರದಸ್ತಿ ಬೇಡ. ಆಟೊಮ್ಯಾಟಿಕ್‌ನ ತೆಳು ಪ್ಲೇಟಿನ ಬೋಲ್ಟ್ ಇಲ್ಲಿಗೆ ಬಳಸಬಾರದು, ಫ್ಲೈವೀಲಿನದೇ ಬೋಲ್ಟ್ ಬೇಕು. ಎದುರುಬದುರು ಕ್ರಮದಲ್ಲಿ ಎರಡು ಮೂರು ಸುತ್ತಾಗಿ 143 ನ್ಯೂಟನ್ ಮೀಟರ್, ಅಂದರೆ 105 ಫುಟ್ ಪೌಂಡ್‌ಗೆ ತನ್ನಿ. ಬ್ರೇಕ್ ಕ್ಲೀನರ್ ಹಾಕಿ ಮೈ ಒರೆಸಿ. ಕೈಯ ಎಣ್ಣೆ ತಾಗಿದರೂ ಕ್ಲಚ್ ನಡುಗುತ್ತದೆ.

ಎಎಕ್ಸ್ 15ರ ಇನ್‌ಪುಟ್ ಶಾಫ್ಟ್ ಒಂದೂಕಾಲು ಇಂಚಿಗೆ ಸ್ವಲ್ಪ ಕಡಿಮೆ, 1 ಇಂಚು 1/8, 10 ಸ್ಪ್ಲೈನ್. ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಜೋಡಿಸುವ ಮೊದಲು ಒಮ್ಮೆ ಈ ಶಾಫ್ಟಿನ ಮೇಲೆ ಜಾರಿಸಿ ನೋಡುವುದು ಎರಡು ನಿಮಿಷದ ಕೆಲಸ, ತಪ್ಪು ಪೆಟ್ಟಿಗೆ ಬಂದಿದ್ದರೆ ಎರಡು ದಿನ ಉಳಿಯುತ್ತದೆ. ಸ್ಪ್ರಿಂಗ್ ಉಬ್ಬಿರುವ ಕಡೆ ಗೇರ್‌ಬಾಕ್ಸಿನತ್ತ ಇರಬೇಕು. ಪ್ಲಾಸ್ಟಿಕ್ ಅಲೈನ್‌ಮೆಂಟ್ ಟೂಲ್ ತೂರಿಸಿ, ಪ್ರೆಶರ್ ಪ್ಲೇಟ್ ಬೋಲ್ಟ್‌ಗಳನ್ನು ಒಂದೊಂದೇ ಸುತ್ತು ಬಿಗಿಯುತ್ತ ಬನ್ನಿ. 5/16 ಬೋಲ್ಟ್ ಆದರೆ 23 ನ್ಯೂಟನ್ ಮೀಟರ್, 3/8 ಆದರೆ 50. ಒಂದು ಕಡೆ ಪೂರ್ತಿ ಬಿಗಿದು ಆಮೇಲೆ ಇನ್ನೊಂದು ಕಡೆ ಹೋದರೆ ಪ್ರೆಶರ್ ಪ್ಲೇಟ್ ಸೊಟ್ಟಗಾಗುತ್ತದೆ.

ಗೇರ್‌ಬಾಕ್ಸ್ ಒಂದು ಇಂಚು ಬಾಕಿ ಇರುವಾಗ ನಿಂತುಬಿಟ್ಟಿದೆ. ಬೋಲ್ಟ್ ಬಿಗಿದು ಎಳೆಯಲೇ?

ಬೇಡ, ಬೇಡ. ಬೋಲ್ಟಿನಿಂದ ಎಳೆದರೆ ಬೆಲ್ ಹೌಸಿಂಗ್ ಸೀಳುತ್ತದೆ, ಇಲ್ಲವೇ ಕ್ಲಚ್ ಪ್ಲೇಟಿನ ನಡುಭಾಗ ಬಾಗುತ್ತದೆ. ಬಾಗಿದ್ದು ಆಗ ಕಾಣುವುದಿಲ್ಲ. ಎಲ್ಲ ಮುಗಿದ ಮೇಲೆ ಕ್ಲಚ್ ಬಿಡದೆ ಕಾಡುತ್ತದೆ.

ಗೇರ್‌ಬಾಕ್ಸನ್ನು ಗೇರಿನಲ್ಲಿಟ್ಟು ಹಿಂದಿನ ಶಾಫ್ಟನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತ ಒತ್ತಿ, ಸ್ಪ್ಲೈನ್ ಸಿಗುತ್ತದೆ. ಸ್ಪ್ಲೈನ್ ಸಿಕ್ಕಿಯೂ ಕೊನೆಯ ಒಂದು ಇಂಚು ಹೋಗುತ್ತಿಲ್ಲವೆಂದರೆ ತುದಿ ಪೈಲಟ್ ಬೇರಿಂಗನ್ನು ಹುಡುಕುತ್ತಿದೆ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಸಂದು ಮೇಲೆ ಕೆಳಗೆ ಸಮ ಇದೆಯೇ ನೋಡಿ ಜಾಕಿನ ಕೋನ ಸರಿಮಾಡಿ. ಆಗಲೂ ಹೋಗದಿದ್ದರೆ ಕೆಳಗಿಳಿಸಿ, ಬೇರಿಂಗಿನ ಅಳತೆ ಮತ್ತೆ ನೋಡಿ. ಇಂಜಿನ್ ಬ್ಲಾಕಿನ ಎರಡು ಡವೆಲ್ ಪಿನ್ ಜಾಗದಲ್ಲಿವೆಯೇ ಎಂದು ಇದೇ ಹೊತ್ತಿಗೆ ಖಾತ್ರಿ ಮಾಡಿಕೊಳ್ಳಿ. ಅವಿಲ್ಲದೆ ಬೋಲ್ಟಿನ ಮೇಲೆ ಮಾತ್ರ ಕೂತ ಗೇರ್‌ಬಾಕ್ಸ್ ಕೂದಲೆಳೆ ಅತ್ತಿತ್ತ ಇರುತ್ತದೆ. ಪೈಲಟ್ ಬೇರಿಂಗ್ ಬೇಗ ಹೋಗುತ್ತದೆ.

ಪೆಡಲ್ ಮತ್ತು ಮಾಸ್ಟರ್ ಸಿಲಿಂಡರ್ ಎಲ್ಲಿ ಕೂರಿಸಬೇಕು?

ಬ್ರೇಕ್ ಬೂಸ್ಟರಿನ ಪಕ್ಕದಲ್ಲಿ. ಮೊದಲು ಮ್ಯಾನುಯಲ್ ಗಾಡಿಯ ಪೆಡಲ್ ಬ್ರಾಕೆಟ್ಟನ್ನು ಒಳಗೆ ಕಟ್ಟಿ, ಅದರ ತೂತುಗಳ ಮೂಲಕವೇ ಫೈರ್‌ವಾಲಿಗೆ ಗುರುತು ಹಾಕಿ. ಹೊರಗಿನಿಂದ ಅಂದಾಜಿನ ಮೇಲೆ ಕೊರೆದರೆ ಪುಶ್ ರಾಡ್ ಓರೆಯಾಗಿ ಓಡಿ ಮಾಸ್ಟರಿನ ಸೀಲ್ ಒಂದೇ ಕಡೆ ಸವೆಯುತ್ತದೆ. ಕೊರೆದ ಅಂಚಿಗೆ ಬಣ್ಣ ಬಳಿಯದೆ ಬಿಟ್ಟರೆ ಉಪ್ಪು ಸುರಿಯುವ ಊರುಗಳಲ್ಲಿ ಎರಡೇ ಚಳಿಗಾಲಕ್ಕೆ ತುಕ್ಕು.

ಏರ್ ಬಿಡಿಸುವುದು ಇಲ್ಲಿ ಸ್ವಲ್ಪ ಹಠಮಾರಿ ಕೆಲಸ. ಮಾಸ್ಟರ್ ಓರೆಯಾಗಿ ಕೂರುವುದರಿಂದ ಗಾಳಿ ಒಳಗಡೆಯೇ ಸಿಕ್ಕಿಕೊಳ್ಳುತ್ತದೆ. ಮಾಸ್ಟರ್, ಪೈಪ್, ಸ್ಲೇವ್ ಮೂರನ್ನೂ ಕೂರಿಸುವ ಮೊದಲೇ ಜೋಡಿಸಿ, ಡಾಟ್ 3 ಎಣ್ಣೆ ತುಂಬಿ, ಮಾಸ್ಟರನ್ನು ಎತ್ತರದಲ್ಲೂ ಸ್ಲೇವನ್ನು ತಗ್ಗಿನಲ್ಲೂ ಹಿಡಿದು ಸ್ಲೇವಿನ ರಾಡನ್ನು ಕೈಯಿಂದ ನಿಧಾನ ಒತ್ತಿ ಬಿಡಿ. ಡಬ್ಬಿಯಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ಮಾಡಿ. ಪೆಡಲ್ ಪಂಪ್ ಮಾಡಿ ಗಂಟೆಗಟ್ಟಲೆ ಒದ್ದಾಡುವುದಕ್ಕಿಂತ ಇದು ವಾಸಿ. ಎಣ್ಣೆ ತುಂಬಿಯೇ ಬರುವ ಹೊಸ ಸೆಟ್ಟುಗಳೂ ಸಿಗುತ್ತವೆ.

ವೈರಿಂಗ್ ಕಷ್ಟವೇ? ಕಂಪ್ಯೂಟರ್ ಬದಲಾಯಿಸಬೇಕೇ?

ಈ ಗಾಡಿಗಳಲ್ಲಿ ಆಟೊಮ್ಯಾಟಿಕ್‌ಗೆ ಬೇರೆಯದೇ ಕಂಪ್ಯೂಟರ್ ಇದೆ. ಅದರ ಕನೆಕ್ಟರ್ ಬಿಚ್ಚಿದರೂ ಇಂಜಿನ್ ಓಡುತ್ತದೆ.

ಉಳಿಯುವುದು ಎರಡು ಕೆಲಸ: ಸ್ಟಾರ್ಟ್ ಆಗುವಂತೆ ಮಾಡುವುದು, ರಿವರ್ಸ್ ಲೈಟ್ ಉರಿಸುವುದು. ಎರಡಕ್ಕೂ ಬೇಕಾದ ವೈರ್ ಎಡಬ್ಲ್ಯೂ 4ರ ಪಕ್ಕದಲ್ಲಿರುವ ನ್ಯೂಟ್ರಲ್ ಸೇಫ್ಟಿ ಸ್ವಿಚ್ಚಿನ ಕನೆಕ್ಟರಿನಲ್ಲಿವೆ. ವೈರಿನ ಬಣ್ಣ ನಂಬಿ ಕತ್ತರಿಸಬೇಡಿ. ಇಳಿಸಿದ ಗೇರ್‌ಬಾಕ್ಸಿನ ಸ್ವಿಚ್ಚಿಗೇ ಮಲ್ಟಿಮೀಟರ್ ಹಿಡಿಯಿರಿ. ಪಾರ್ಕ್ ಮತ್ತು ನ್ಯೂಟ್ರಲ್ ಎರಡರಲ್ಲೂ ಕೂಡಿಕೊಳ್ಳುವ ಜೋಡಿ ಸ್ಟಾರ್ಟಿನದು. ರಿವರ್ಸ್‌ನಲ್ಲಿ ಮಾತ್ರ ಕೂಡುವ ಜೋಡಿ ಲೈಟಿನದು. ಲೈಟಿನ ಜೋಡಿಯನ್ನು ಎಎಕ್ಸ್ 15ರ ಮೇಲಿನ ರಿವರ್ಸ್ ಸ್ವಿಚ್ಚಿಗೆ ತನ್ನಿ. ಸ್ಟಾರ್ಟಿನ ಜೋಡಿಯನ್ನು ಕ್ಲಚ್ ಪೆಡಲಿನ ಸ್ವಿಚ್ ಮೂಲಕ ಹಾಯಿಸಿ. ಸ್ಟಾರ್ಟಿನ ಎರಡು ವೈರನ್ನೂ ಒಂದಕ್ಕೊಂದು ತಿರುಚಿ ಟೇಪ್ ಸುತ್ತಿ ಬಿಡುವವರು ಬಹಳ; ಆ ಗಾಡಿ ಗೇರಿನಲ್ಲಿದ್ದಾಗ ಮಕ್ಕಳು ಕೀ ತಿರುಗಿಸಿದರೆ ಗೋಡೆಗೆ ಹಾರುತ್ತದೆ.

ಕ್ರೂಸ್ ಕಂಟ್ರೋಲ್ ಇದ್ದರೆ ಕ್ಲಚ್ ತುಳಿದಾಗ ಅದು ಕಡಿಯುವಂತೆ ಇನ್ನೊಂದು ಸ್ವಿಚ್ ಹಾಕಿ. ಇಲ್ಲದಿದ್ದರೆ ಕ್ಲಚ್ ಒತ್ತಿದ ತಕ್ಷಣ ಇಂಜಿನ್ ಕಿರುಚುತ್ತದೆ.

1996ರಿಂದೀಚೆಗಿನ ಓಬಿಡಿ 2 (ಗಾಡಿಯೇ ತನ್ನ ದೋಷ ಪತ್ತೆ ಮಾಡುವ ವ್ಯವಸ್ಥೆ) ಗಾಡಿಗಳಲ್ಲಿ ಚೆಕ್ ಇಂಜಿನ್ ಲೈಟ್ ಬರಬಹುದು. ಹೊಗೆ ತಪಾಸಣೆ ಇರುವ ರಾಜ್ಯದಲ್ಲಿ ಅದರೊಂದಿಗೆ ಪಾಸಾಗುವುದಿಲ್ಲ. ಅದೇ ವರ್ಷದ ಮ್ಯಾನುಯಲ್ ಗಾಡಿಯ ಕಂಪ್ಯೂಟರ್ ತರುವುದು ಅಥವಾ ಇರುವುದನ್ನು ಮ್ಯಾನುಯಲ್‌ಗೆ ಪ್ರೋಗ್ರಾಂ ಮಾಡಿಸುವುದು ದಾರಿ. ಹೊಸ ಕಂಪ್ಯೂಟರಿಗೆ ಕಳ್ಳತನ ತಡೆಯ ಕೀ ಗುರುತು ಬೇಕಾಗುತ್ತದೆಯೇ ಎಂದು ಮುಂಚೆ ವಿಚಾರಿಸಿ.

ಯಾವ ಎಣ್ಣೆ, ಎಷ್ಟು?

ಎಎಕ್ಸ್ 15ಕ್ಕೆ ಸುಮಾರು 3.15 ಲೀಟರ್, 75ಡಬ್ಲ್ಯೂ-90. ಡಬ್ಬಿಯ ಮೇಲೆ ಜಿಎಲ್-4 ಎಂದಿರಲಿ. ಆಕ್ಸಲಿಗೆ ಹಾಕುವ ಜಿಎಲ್-5ರಲ್ಲಿ ಗಂಧಕದ ಅಂಶ ಹೆಚ್ಚು. ಸಿಂಕ್ರೊ ರಿಂಗುಗಳ ಹಿತ್ತಾಳೆಗೆ ಅದು ಒಳ್ಳೆಯದಲ್ಲ. ಪಕ್ಕದ ತೂತಿನಿಂದ ತುಳುಕುವವರೆಗೆ ತುಂಬಿ. ಎಣ್ಣೆ ಬಿಡುವ ಮೊದಲು ತುಂಬುವ ಪ್ಲಗ್ ಬಿಚ್ಚುತ್ತದೆಯೇ ನೋಡಿ. ತುಕ್ಕು ಹಿಡಿದು ಕೂತಿದ್ದರೆ, ಎಣ್ಣೆ ಖಾಲಿ ಮಾಡಿದ ಮೇಲೆ ಗೊತ್ತಾಗಿ ಪ್ರಯೋಜನವಿಲ್ಲ. ಎನ್‌ಪಿ 231ಕ್ಕೆ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ), ಸುಮಾರು ಒಂದು ಲೀಟರ್.

ಆಕ್ಸಲ್ ಗೇರ್ ಬದಲಾಯಿಸಬೇಕೇ?

ಬೇಕಿಲ್ಲ. ಕಂಪನಿಯ ಮ್ಯಾನುಯಲ್ ಗಾಡಿಗಳಿಗೆ 3.07 ಆಕ್ಸಲ್, ಆಟೊಮ್ಯಾಟಿಕ್‌ಗೆ 3.55. ನಿಮ್ಮದು 3.55 ಇದ್ದರೆ ಅದೃಷ್ಟವಂತರು. ಎಎಕ್ಸ್ 15ರ ಐದನೇ ಗೇರ್ 0.79. 28 ಇಂಚಿನಷ್ಟು ಎತ್ತರದ ಟಯರಿನಲ್ಲಿ ಗಂಟೆಗೆ 100 ಕಿ.ಮೀ. ಓಟಕ್ಕೆ ಇಂಜಿನ್ ನಿಮಿಷಕ್ಕೆ 2,100 ಸುತ್ತಿನ ಆಸುಪಾಸಿನಲ್ಲಿರುತ್ತದೆ. 3.07ರಲ್ಲಿ ಅದು 1,800ಕ್ಕೆ ಇಳಿದು ಏರು ಬಂದಾಗಲೆಲ್ಲ ನಾಲ್ಕನೇ ಗೇರಿಗೆ ಬರಬೇಕಾಗುತ್ತದೆ.

ಎಲ್ಲ ಆಯಿತು, ಆದರೆ…

ಸ್ಟಾರ್ಟರ್ ಕರ್ಕಶ ಸದ್ದು ಮಾಡುತ್ತಿದೆ: ನಡುವಿನ ತಗಡು ಬಿಟ್ಟುಹೋಗಿದೆ, ಅಥವಾ ಆಟೊಮ್ಯಾಟಿಕ್‌ನದೇ ಉಳಿದು ಫ್ಲೈವೀಲಿಗೆ ಉಜ್ಜುತ್ತಿದೆ.

ರಿವರ್ಸ್‌ಗೆ ಹಾಕಿದರೆ ಹಲ್ಲು ಕಡಿಯುತ್ತದೆ: ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಹೆಚ್ಚಿನ ಸಲ ಗಾಳಿ. ಪೆಡಲ್ ತುಳಿಸಿ ಸ್ಲೇವಿನ ರಾಡ್ ಎಷ್ಟು ಚಲಿಸುತ್ತದೆ ಎಂದು ಕೆಳಗೆ ಮಲಗಿ ನೋಡಿ. ರಾಡ್ ಚೆನ್ನಾಗಿ ಚಲಿಸಿಯೂ ಕ್ಲಚ್ ಬಿಡದಿದ್ದರೆ ಬಾಗಿದ ಪ್ಲೇಟಿನ ಸರದಿ.

ಪೆಡಲ್ ಒತ್ತಿದಾಗ ಮಾತ್ರ ಸದ್ದು: ರಿಲೀಸ್ ಅಥವಾ ಪೈಲಟ್ ಬೇರಿಂಗ್. ಪೆಡಲ್ ಬಿಟ್ಟಾಗ, ನ್ಯೂಟ್ರಲ್‌ನಲ್ಲಿ ಸದ್ದು ಬಂದು ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಬೇರಿಂಗ್.

ಗೇರ್ ಲಿವರ್ ಗಂಜಿಯಲ್ಲಿ ಕಡ್ಡಿ ಆಡಿಸಿದಂತಿದೆ: ಲಿವರಿನ ಬುಡದ ಪ್ಲಾಸ್ಟಿಕ್ ಬಟ್ಟಲು ಪುಡಿಯಾಗಿದೆ. ಮೇಲಿನ ಮುಚ್ಚಳವನ್ನು ಒತ್ತಿ ಎಡಕ್ಕೆ ತಿರುಗಿಸಿದರೆ ಲಿವರ್ ಎದ್ದು ಬರುತ್ತದೆ. ತೆರೆದ ಬಾಯಿಗೆ ಬಟ್ಟೆ ತುರುಕಿ, ಚೂರು ಒಳಗೆ ಬೀಳದಿರಲಿ.

ವೇಗ ಹೆಚ್ಚಿದಾಗ ನಡುಕ: ಪ್ರೊಪೆಲ್ಲರ್ ಶಾಫ್ಟಿನ ಉದ್ದ ಅಥವಾ ಕೋನ. ಗಾಡಿ ಚಕ್ರದ ಮೇಲೆ ನಿಂತಿರುವಾಗ ಹಿಂದಿನ ಶಾಫ್ಟಿನ ಜಾರು ಯೋಕ್ ಪೂರ್ತಿ ಒಳಗೆ ಹೋದ ಸ್ಥಿತಿಯಿಂದ ಸುಮಾರು ಒಂದು ಇಂಚು ಹೊರಗಿರಬೇಕು. ಜಾಕ್ ಮೇಲೆ ತೂಗಾಡುವಾಗ ಅಳೆದರೆ ಲೆಕ್ಕ ತಪ್ಪುತ್ತದೆ.

ಹೊಸ ಕ್ಲಚ್ಚಿಗೆ ಮೊದಲ 800 ಕಿ.ಮೀ. ಭಾರ ಎಳೆಸಬೇಡಿ, ಕ್ಲಚ್ ಅರ್ಧ ಹಿಡಿದು ಏರಿನಲ್ಲಿ ನಿಲ್ಲಬೇಡಿ.

ಊರಲ್ಲಿ ಹಳೆಯ ಮಹೀಂದ್ರ ಜೀಪ್ ಇದೆ. ಅದಕ್ಕೂ ಈ ಪಟ್ಟಿ ನಡೆಯುತ್ತದೆಯೇ?

ಪಟ್ಟಿ ನಡೆಯುವುದಿಲ್ಲ, ಅಳೆದು ನೋಡುವ ಕ್ರಮ ಮಾತ್ರ ನಡೆಯುತ್ತದೆ. ಹಳೆಯ ವಿಲ್ಲೀಸ್ ವಂಶದ ಜೀಪುಗಳಲ್ಲಿ ಟಿ-90 ಎಂಬ ಮೂರು ಗೇರಿನ ಪೆಟ್ಟಿಗೆ. ಮೊದಲ ಗೇರಿಗೆ ಸಿಂಕ್ರೊ ಇಲ್ಲ. ಅದರ ಹಿಂದಿನ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸನ್ನು ತಿರುಗಿಸುವ ಗೇರು ಗೇರ್‌ಬಾಕ್ಸಿನ ಮೇನ್ ಶಾಫ್ಟಿನ ಬಾಲದ ಮೇಲೇ ಕೂತಿರುತ್ತದೆ. ಹಾಗಾಗಿ ಗೇರ್‌ಬಾಕ್ಸ್ ಬದಲಾಯಿಸುವುದೆಂದರೆ ಆ ಬಾಲಕ್ಕೂ ವ್ಯವಸ್ಥೆ ಮಾಡುವುದು ಎಂದೇ ಅರ್ಥ.

ಭಾರತದಲ್ಲಿ ಕಾನೂನೂ ಅಡ್ಡ ಬರುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ತಯಾರಕರ ವಿವರಕ್ಕೆ ವ್ಯತಿರಿಕ್ತವಾಗಿ ಗಾಡಿ ಮಾರ್ಪಡಿಸುವಂತಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿದಿದೆ. ಬೋಲ್ಟ್ ಬಿಚ್ಚುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ.

ಇಳಿಸಿದ ಎಡಬ್ಲ್ಯೂ 4 ಏನು ಮಾಡಲಿ?

ಚೆನ್ನಾಗಿದ್ದರೆ ಮಾರಿ, ಗಿರಾಕಿ ಬರುತ್ತಾರೆ. ಕನ್ವರ್ಟರ್, ನ್ಯೂಟ್ರಲ್ ಸ್ವಿಚ್, ಕಂಪ್ಯೂಟರ್ ಮೂರೂ ಜೊತೆಗಿರಲಿ. ಸ್ಪ್ಲೈನ್ 21ರದ್ದೋ 23ರದ್ದೋ ಎಂದು ಚೀಟಿ ಬರೆದು ಅಂಟಿಸಿ, ಕೊಳ್ಳುವವರ ಮೊದಲ ಪ್ರಶ್ನೆ ಅದೇ. ಕನ್ವರ್ಟರ್ ಜಾರಿ ಬೀಳದಂತೆ ಬೆಲ್ ಹೌಸಿಂಗಿಗೆ ಅಡ್ಡಪಟ್ಟಿಯೊಂದನ್ನು ಬೋಲ್ಟ್ ಹಾಕಿ ಕಟ್ಟಿ, ಮೂತಿ ಮೇಲಕ್ಕೆ ಮಾಡಿ ಇಡಿ. ಕೂಲರ್ ಪೈಪುಗಳ ತೂತಿಗೂ ರೇಡಿಯೇಟರಿನ ಕೆಳಗೆ ಖಾಲಿ ಉಳಿದ ಎರಡು ಬಾಯಿಗೂ ಮುಚ್ಚಳ ಹಾಕಲು ಮರೆಯಬೇಡಿ.